ಅಳಿವೆಯ ಹಳೆಯ ಗುರುತು

ಆ ಮನೆಯ ಹೊಸ್ತಿಲಲ್ಲಿ ಕೂತರೆ ಮೊದಲು ಕಡಲು ಕಾಣುತ್ತಿತ್ತು. ಈಗ ಕಾಣುವುದು ಕೆಂಪು ಮಣ್ಣಿನ ಏರಿ. ಹೋದ ಮಳೆಗಾಲಕ್ಕೆ ಮುಂಚೆ ಲಾರಿಗಳು ಸಾಲುಗಟ್ಟಿ ಬಂದು ಕಲ್ಲು, ಮಣ್ಣು ಸುರಿದು ಕಡಲನ್ನು ಹಿಂದಕ್ಕೆ ತಳ್ಳಿದ್ದವು. ಅಲ್ಲಿ ಗೋದಾಮು ಬರುತ್ತದಂತೆ, ಅಗಲವಾದ ರಸ್ತೆ ಬರುತ್ತದಂತೆ. ದೋಣಿ ಎಳೆದು ಹಾಕುತ್ತಿದ್ದ ಮರಳೆಲ್ಲ ಏರಿಯ ಅಡಿಗೆ ಹೋಯಿತು. ಬಲೆ ಹರಡಲು ಜಾಗವಿಲ್ಲದೆ ಕೇರಿಯವರು ಅದನ್ನು ಮನೆಯ ಮಾಡಿನ ಮೇಲೆ ಒಣಗಿಸುತ್ತಿದ್ದರು. ಒಣಗಲು ಹಾಕಿದ ಮೀನಿನ ಮೇಲೆ ಧೂಳು ಕೂರುತ್ತಿತ್ತು. ತೊಳೆದರೆ ಮೀನು ಕೆಡುತ್ತದೆ, ತೊಳೆಯದಿದ್ದರೆ ಯಾರೂ ಕೊಳ್ಳುವುದಿಲ್ಲ.

ಆ ಮನೆಯ ತಾಯಿಗೆ ಇದಾವುದರ ಕಡೆಗೂ ಲಕ್ಷ್ಯವಿರಲಿಲ್ಲ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹಿರಿಯ ಮಗ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ತೀರಿಕೊಂಡಿದ್ದ. ಜೊತೆಯಲ್ಲಿದ್ದ ಕಿರಿಯವನು ಹೇಗೋ ಈಜಿ ದಡ ಸೇರಿದ್ದ. ಅಂದಿನಿಂದ ಅವಳು ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಪ್ರಾರ್ಥನೆ ಬಿಟ್ಟಿರಲಿಲ್ಲ. ಆದರೆ ಕೈ ಮುಗಿದು ಕಣ್ಣು ಮುಚ್ಚಿದರೆ ಬಾಯಿಗೆ ಮಾತೇ ಬರುತ್ತಿರಲಿಲ್ಲ.

ಹೊಳೆ ಕಡಲಿಗೆ ಸೇರುವ ಜಾಗವೇ ಅಳಿವೆ. ಅಲ್ಲಿ ನೀರಿನಡಿ ಮರಳಿನ ದಿಬ್ಬಗಳಿರುತ್ತವೆ, ದಿಬ್ಬಗಳ ನಡುವೆ ಆಳವಾದ ಒಂದು ದಾರಿ. ಆ ದಾರಿ ಕಣ್ಣಿಗೆ ಕಾಣುವಂಥದಲ್ಲ. ಕಡಲಿನಿಂದ ಮರಳುವವರು ದಡದ ಮೇಲಿನ ಎರಡು ಗುರುತುಗಳನ್ನು ನೋಡಿ ಅದನ್ನು ಹಿಡಿಯುತ್ತಾರೆ. ಈ ಕೇರಿಯವರಿಗೆ ಮುಂದಿನ ಗುರುತು ಪ್ರಾರ್ಥನಾ ಮಂದಿರದ ಶಿಖರ; ಹಿಂದಿನದು ಗುಡ್ಡದ ಮೇಲಿನ ಒಂಟಿ ಮರ. ದೋಣಿ ಸರಿದಂತೆ ಮರವೂ ಸರಿಯುತ್ತದೆ. ಅದು ಶಿಖರದ ಹಿಂದೆ ಪೂರ್ತಿ ಮರೆಯಾದಾಗ ದೋಣಿ ಆಳದ ನೇರಕ್ಕೆ ಬಂತೆಂದು ತಿಳಿಯಬೇಕು. ಆಗ ಅಲೆಯ ಬೆನ್ನು ಹಿಡಿದು ಒಳಗೆ ನುಗ್ಗಬೇಕು.

ಮಕ್ಕಳು ಚಿಕ್ಕವರಿದ್ದಾಗಲೇ ಗಂಡ ತೀರಿಹೋಗಿದ್ದ. ಅವನೊಡನೆ ದೋಣಿಯಲ್ಲಿ ಓಡಾಡಿದ್ದ ತಾಯಿಯೇ ಹಿರಿಯವನನ್ನು ಮುಂದೆ ಕೂರಿಸಿಕೊಂಡು ಗುರುತು ಕಲಿಸಿದ್ದಳು. "ಮರ ಬಚ್ಚಿಟ್ಟುಕೊಳ್ಳೋವರೆಗೂ ಅವಸರ ಮಾಡಬೇಡ ಮಗನೇ" ಎಂದು ಹೇಳಿ ಹೇಳಿ ತಲೆಗೆ ತುಂಬಿದ್ದಳು. ಈಗ ಕೇರಿಯವರು ಆಡುತ್ತಿದ್ದುದು ಒಂದೇ ಮಾತು: ಅವಸರ ಮಾಡಿದ, ಗುರುತು ತಪ್ಪಿದ. ಆ ಮಾತು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ದಾದಿ ಅವಳ ರಕ್ತದೊತ್ತಡ ನೋಡಲು ಬಂದಳು. ಪಕ್ಕದ ಮನೆಯ ಮುದುಕ ಜಗಲಿಯಲ್ಲಿ ಕಾಲು ಚಾಚಿ ಬಲೆ ನೇಯುತ್ತಿದ್ದ. ಬಲೆಗೆ ಗಂಟು ಹಾಕುವುದೇ ಅವನ ಕಸುಬು, ಹಾಗಾಗಿ ಎಲ್ಲರಿಗೂ ಅವನು ಗಂಟಣ್ಣ.

"ಮಾತ್ರೆ ತಗೊಳ್ತಿದೀರೇನಮ್ಮ?" ಎಂದಳು ದಾದಿ.

"ತಗೊಳ್ತಿದೀನಿ."

"ಸುಳ್ಳು ಸಿಸ್ಟರ್," ಒಳಗಿನಿಂದ ಸೊಸೆಯ, ತೀರಿಹೋದ ಹಿರಿಯವನ ಹೆಂಡತಿಯ, ದನಿ ಬಂತು. "ನಿನ್ನೇದೂ ಮೊನ್ನೇದೂ ದಿಂಬಿನ ಕೆಳಗೆ ಸಿಕ್ತು."

"ಸೊಸೆ ಅಂದ್ರೆ ಸೊಸೆಯಪ್ಪ," ಎಂದ ಗಂಟಣ್ಣ. "ಪೊಲೀಸಿನವರು ನೋಡಿದ್ರೆ ಪತ್ತೇದಾರಿಕೆಗೆ ಇಟ್ಕೊಳ್ತಿದ್ರು ಇವಳನ್ನ."

ದಾದಿ ನಕ್ಕು, ತೋಳಿಗೆ ಪಟ್ಟಿ ಸುತ್ತುತ್ತ ಹೇಳಿದಳು: "ಶುಕ್ರವಾರ ಶಾಲೆಯಲ್ಲಿ ಅಹವಾಲು ಸಭೆ ಇದೆ. ಇನ್ನೂ ಮಣ್ಣು ಹಾಕ್ತಾರಂತೆ, ಅಳಿವೆಯ ಆಚೆ ದಡದವರೆಗೂ. ಹಾಕೋ ಮೊದಲು ಜನರ ಮಾತು ಕೇಳಬೇಕು ಅಂತ ಕಾನೂನಿದೆ. ಎಲ್ಲರೂ ಬನ್ನಿ."

"ಕೇಳ್ತಾರೆ, ಕೇಳ್ತಾರೆ," ಎಂದ ಗಂಟಣ್ಣ. "ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ಹೋದ ಸಲ ಟೀ ಕೊಟ್ರಂತೆ, ಅದರಲ್ಲೂ ಸಕ್ಕರೆ ಇರಲಿಲ್ವಂತೆ."

"ಹೋದ ಸಲ ನೀವು ಹೋಗಿದ್ರಾ ಗಂಟಣ್ಣ?"

"ನಾನಾ? ನನಗೆ ಬಲೆ ಕೆಲಸ ಇತ್ತಲ್ಲ."

"ಈ ಕೇರಿಯಿಂದ ಒಬ್ಬರೂ ಬರಲಿಲ್ಲ. ಯಾರ ಆಕ್ಷೇಪವೂ ಇಲ್ಲ ಅಂತ ಬರೆದುಕೊಂಡು ಎದ್ದುಹೋದ್ರು. ಇಲ್ಲಿ ದೋಣಿ ಓಡಾಡುತ್ತೆ ಅಂತ ಹೇಳೋಕೆ ಆ ಸಭೇಲಿ ಒಂದು ಬಾಯಿ ಇರಲಿಲ್ಲ."

ಗಂಟಣ್ಣನ ಕೈ ಅರ್ಧ ಗಂಟಿನಲ್ಲೇ ನಿಂತಿತು.

"ನನಗ್ಯಾಕಮ್ಮ ಸಭೆ ಗಿಭೆ?" ಎಂದಳು ತಾಯಿ. "ದೇವರು ಕೊಟ್ಟಿದ್ದ, ದೇವರೇ ಕರಕೊಂಡ. ಯಾರ ಹತ್ರ ಹೋಗಿ ಏನು ಕೇಳಲಿ?"

ದಾದಿ ಪಟ್ಟಿ ಬಿಚ್ಚಿ ಅವಳ ಪಕ್ಕದಲ್ಲೇ ಕೂತಳು. "ನಾನೂ ದೋಣಿಯವರ ಮಗಳೇ. ನಮ್ಮ ತವರಲ್ಲೂ ಹೀಗೇ ಕಡಲಿಗೆ ಮಣ್ಣು ಹಾಕಿದ್ರು. ಮಣ್ಣು ಹಾಕಿದ್ರೆ ನೀರು ಸುಮ್ಮನಿರಲ್ಲಮ್ಮ. ಹರಿವು ಬೇರೆ ಕಡೆ ತಿರುಗುತ್ತೆ. ಹೊತ್ತು ತಂದ ಮರಳನ್ನ, ಕೊಚ್ಚಿಬಂದ ಮಣ್ಣನ್ನ ಹೊಸ ಜಾಗದಲ್ಲಿ ಇಳಿಸುತ್ತೆ. ದಡದ ಮೇಲೆ ಗುರುತು ಹಾಗೇ ನಿಂತಿರುತ್ತೆ, ಕೆಳಗೆ ಆಳ ಇರೋದಿಲ್ಲ. ನಮ್ಮಪ್ಪನ ದೋಣಿಯೂ ಹಾಗೇ ಹೊಸ ದಿಬ್ಬಕ್ಕೆ ತಗುಲಿದ್ದು. ನಿಮ್ಮ ಮಗ ಗುರುತು ತಪ್ಪಿದ ಅನ್ನೋರು ಯಾರಾದ್ರೂ ಅಲ್ಲಿ ಬಿದಿರಿನ ಗಳ ಇಳಿಸಿ ಆಳ ನೋಡಿದ್ದಾರಾ?"

ಬಾಗಿಲ ಹತ್ತಿರ ಕಿರಿಯ ಮಗ ಬಂದು ನಿಂತಿದ್ದ. "ನಾನು ಅವತ್ತೇ ಹೇಳಿದೆ," ಎಂದ. "ಮರ ಶಿಖರದ ಹಿಂದೆ ಪೂರ್ತಿ ಮರೆಯಾಗಿತ್ತು. ಅಣ್ಣ ಕಾದೇ ನುಗ್ಗಿದ. ಯಾರೂ ನಂಬಲಿಲ್ಲ. ನೀನೂ ನಂಬಲಿಲ್ಲ ಅಮ್ಮ."

"ಸತ್ತವನ ಮಾನ ಕಾಯೋಕೆ ಹೇಳ್ತಿದೀಯ ಅಂದ್ಕೊಂಡೆ ಕಣೋ."

"ಮನುಷ್ಯರು ಲಾರೀಲಿ ತಂದು ಸುರಿದದ್ದನ್ನ ದೇವರ ತಲೆಗೆ ಕಟ್ಟಬೇಡಿ ಅಮ್ಮ," ಎಂದಳು ದಾದಿ ಮೆಲ್ಲಗೆ.

ತಾಯಿಯ ಮುಖ ಕೆಂಪಾಯಿತು. ಬೈಯುತ್ತಾಳೆಂದು ಸೊಸೆ ಹೊರಗೆ ಬಂದಳು. ಆದರೆ ತಾಯಿ ಕಿರಿಯವನ ಕಡೆ ತಿರುಗಿ ಹೇಳಿದಳು: "ನಾಳೆ ಬೆಳಿಗ್ಗೆ ದೋಣಿ ಇಳಿಸು. ನಾನು ಬರ್ತೀನಿ."

"ಈ ವಯಸ್ಸಲ್ಲಾ?" ಎಂದ ಗಂಟಣ್ಣ. "ನಿನ್ನ ನೋಡಿದ್ರೆ ಮೀನು ಹೆದರಿ ಓಡುತ್ತೆ ಕಣೇ."

"ನಿನ್ನ ಮುಖ ನೋಡಿ ಓಡಿಹೋಗದೆ ಒಂದಾದ್ರೂ ಉಳಿದಿದ್ರೆ ತಾನೇ!"

ಮಗ ಹೋದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ಸೊಸೆ ನಗಲೂ ಆಗದೆ, ಅಳಲೂ ಆಗದೆ ಒಳಗೆ ಹೋದಳು.

ಮರುದಿನ ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ಶಾಂತವಾಗಿತ್ತು. "ನಾನೂ ಬರ್ತೀನಿ ಅತ್ತೆ" ಎಂದು ಸೊಸೆಯೂ ಹತ್ತಿದಳು. ಕಿರಿಯವನು ದೋಣಿಯನ್ನು ಅಳಿವೆ ದಾಟಿಸಿ ಹೊರಗೆ ಒಯ್ದು, ದಡದ ಕಡೆಗೆ ತಿರುಗಿಸಿದ. ತಾಯಿ ಮುಂದಿನ ಹಲಗೆಯ ಮೇಲೆ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದಳು. ಗುಡ್ಡದ ಮರ ಮೆಲ್ಲಗೆ ಶಿಖರದ ಕಡೆಗೆ ಸರಿಯಿತು.

"ಇನ್ನೂ ಸ್ವಲ್ಪ... ಅವಸರ ಮಾಡಬೇಡ... ಇನ್ನೂ..." ಅವಳ ಬಾಯಲ್ಲಿ ಹಳೆಯ ಪಾಠ ತಾನಾಗಿಯೇ ಬಂತು. ಮರ ಮರೆಯಾಯಿತು. "ಇಲ್ಲೇ. ಗಳ ಇಳಿಸು."

ಗಂಡನ ಕಾಲದಲ್ಲಿ ಆ ಜಾಗದಲ್ಲಿ ಬಿದಿರಿನ ಗಳವನ್ನು ಪೂರ್ತಿ ಇಳಿಸಿದರೂ ತಳ ಸಿಗುತ್ತಿರಲಿಲ್ಲ. ಈಗ ಅದು ತುಸು ದೂರ ಹೋಗಿ ನಿಂತುಬಿಟ್ಟಿತು. ಮಗ ಸರಿಯಾಗಿ ಹಿಡಿದಿಲ್ಲವೇನೋ ಎಂದು ತಾಯಿ ತಾನೇ ಕಸಿದುಕೊಂಡು ಒತ್ತಿದಳು. ಗಳ ಮೆತ್ತಗಿನ ಯಾವುದರಲ್ಲೋ ಹೂತುಕೊಂಡಿತು. ಎಳೆದು ನೋಡಿದರೆ ತುದಿಗೆ ಕೆಂಪು ಮಣ್ಣು ಮೆತ್ತಿತ್ತು.

ಅವಳು ಅದನ್ನು ಬೆರಳಲ್ಲಿ ತಿಕ್ಕಿದಳು. ಕಡಲಿನ ಮರಳು ಬೂದು ಬಣ್ಣದ್ದು, ಕೈಯಲ್ಲಿ ಉದುರುತ್ತದೆ. ಇದು ಅಂಟಿತು. ಮನೆಯ ಮುಂದಿನ ಏರಿಯ ಮಣ್ಣು.

"ಅವರು ತಪ್ಪಿರಲಿಲ್ಲ ಅಲ್ವಾ ಅತ್ತೆ?" ಎಂದಳು ಸೊಸೆ.

"ಇಲ್ಲ ಮಗಳೇ. ನಾನು ಹೇಳಿಕೊಟ್ಟ ಹಾಗೇ ಬಂದಿದ್ದಾನೆ. ಅದೇ ನನ್ನ ಸಂಕಟ."

ಅಷ್ಟು ಹೇಳಿ ಅವಳು ಗಳವನ್ನು ಎದೆಗೆ ಒತ್ತಿಕೊಂಡು ಅತ್ತಳು. ಅಳುತ್ತಳುತ್ತಲೇ ಶಿಖರದ ಕಡೆ ನೋಡಿ ಕೈ ಮುಗಿದಳು. "ತಂದೇ, ಇಷ್ಟು ದಿನ ನಿನ್ನ ಮೇಲೆ ಹೊರಿಸಿದ್ದೆ, ಕ್ಷಮಿಸು" ಎಂಬ ಮಾತು ತಡೆಯಿಲ್ಲದೆ ಬಂತು.

ಆಮೇಲೆ ಅವರು ಹಾಗೆಯೇ ಮರಳಲಿಲ್ಲ. ಅಲ್ಲಲ್ಲಿ ಗಳ ಇಳಿಸುತ್ತ ಹೋಗಿ, ಆಚೆ ಬದಿಗೆ ಸರಿದುಹೋಗಿದ್ದ ಆಳವನ್ನು ಹುಡುಕಿದರು. ತೇಲುವ ಬೆಂಡಿಗೆ ಹಗ್ಗದಿಂದ ಲಂಗರಿನಂತೆ ಕಲ್ಲು ಕಟ್ಟಿ, ಮೇಲೊಂದು ಬಿಳಿ ಬಟ್ಟೆ ಸಿಕ್ಕಿಸಿ, ಆ ದಾರಿಯಲ್ಲಿ ತೇಲಿಬಿಟ್ಟರು. ಸಂಜೆಯೊಳಗೆ ಕೇರಿಯ ಎಲ್ಲ ದೋಣಿಗಳಿಗೂ ಸುದ್ದಿ ಮುಟ್ಟಿತು.

ಶುಕ್ರವಾರ ಶಾಲೆಯ ಕೋಣೆ ತುಂಬಿತ್ತು. ಗಂಟಣ್ಣ ಒಗೆದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲೇ ಕೂತಿದ್ದ. ಗೋಡೆಯ ಮೇಲೆ ಮಣ್ಣು ಹಾಕುವ ಜಾಗದ ಒಂದು ದೊಡ್ಡ ನಕ್ಷೆ, ಅದರ ಮುಂದೆ ಅಧಿಕಾರಿ. ತಾಯಿ ಎದ್ದಳು. ಸೊಸೆ ಬೆನ್ನಿಗೆ ಕೈ ಕೊಟ್ಟಳು.

"ಸ್ವಾಮಿ, ಈ ಚಿತ್ರದಲ್ಲಿ ನಮ್ಮ ದಾರಿ ಎಲ್ಲಿದೆ?"

"ಯಾವ ದಾರಿ ಅಮ್ಮ?" ಅಧಿಕಾರಿ ನಕ್ಷೆಯ ಕಡೆ ತಿರುಗಿದರು.

"ನಮ್ಮ ದೋಣಿ ಮನೆಗೆ ಬರೋ ದಾರಿ. ಅದನ್ನ ಇದರಲ್ಲಿ ಹಾಕಿಲ್ಲ. ಹಾಕಿಸಬೇಕಾಗಿದ್ದ ನಾವು ಹೋದ ಸಲ ಮನೇಲಿ ಕೂತಿದ್ವಿ." ಅವಳು ಉಸಿರು ಎಳೆದುಕೊಂಡಳು. "ನನ್ನ ಮಗ ಗುರುತು ತಪ್ಪಲಿಲ್ಲ. ಸರಿಯಾದ ಜಾಗಕ್ಕೇ ಬಂದಿದ್ದ. ಅಲ್ಲಿ ನೀರಿರಲಿಲ್ಲ. ಇದನ್ನ ಬರಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ದಾದಿ ಕೇಳಿದಳು, ಓದಿದರು. ಆಮೇಲೆ ಬಲೆ ಹರಡುವ ಜಾಗದ ಬಗ್ಗೆ ಗಂಟಣ್ಣ ಮಾತಾಡಿದ. ಚಿಪ್ಪು ಆಯುವ ಹೆಂಗಸರು ಒಬ್ಬರಾದ ಮೇಲೊಬ್ಬರು ಎದ್ದರು. ಅಳಿವೆಯ ಆಳ ಅಳೆದು ನೋಡುವವರೆಗೆ ಹೊಸ ಮಣ್ಣು ಹಾಕುವುದಿಲ್ಲ ಎಂದು ಅಂದು ತೀರ್ಮಾನವಾಯಿತು. ಮುಂದೇನಾಗುತ್ತದೋ ಯಾರಿಗೂ ತಿಳಿಯದು. ಹಾಕಿದ ಮಣ್ಣು ಹಾಗೆಯೇ ಇದೆ. ಹೋದವನು ಬರಲಿಲ್ಲ. ತಾಯಿ ಮಾತ್ರ ಈಗ ಹೊಸ್ತಿಲಲ್ಲಿ ಏರಿಯ ಕಡೆಗೇ ಮುಖ ಮಾಡಿ ಕೂರುತ್ತಾಳೆ. ಅದರಾಚೆಯಿಂದ ಕಿರಿಯವನ ಕೂಗು ಕೇಳಿದ ಮೇಲೆಯೇ ಒಳಗೆ ಹೋಗುತ್ತಾಳೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ದಡಕ್ಕೂ ಲಾರಿಗಳು ಬರಬಹುದು. ಅವು ಬರುವ ಮೊದಲೇ ಅಹವಾಲು ಸಭೆ ಯಾವ ದಿನ, ಎಲ್ಲಿ ಎಂದು ವಿಚಾರಿಸಿಕೊಳ್ಳಿ. ಅಂದು ಒಂದು ದಿನ ಬಲೆ ಬದಿಗಿಟ್ಟು ಮನೆಮಂದಿಯೆಲ್ಲ ಹೋಗಿ. ದೋಣಿ ಎಲ್ಲಿ ಓಡಾಡುತ್ತದೆ, ಬಲೆ ಎಲ್ಲಿ ಒಣಗುತ್ತದೆ, ಮರಿಮೀನು ಎಲ್ಲಿ ಬೆಳೆಯುತ್ತದೆ ಎಂಬುದನ್ನು ಬಾಯಿ ಬಿಟ್ಟು ಹೇಳಿ, ಬರೆಸಿ, ಓದಿಸಿ ಕೇಳಿ. ನೀವು ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದೇ ತಿಳಿಯುತ್ತಾರೆ.

ಮಣ್ಣು ಬಿದ್ದ ದಡದಲ್ಲಿ ಹಳೆಯ ಗುರುತನ್ನು ನಂಬಿ ನುಗ್ಗಬೇಡಿ. ಕಡಲು ಶಾಂತವಾಗಿರುವ ದಿನ ಗಳ ಇಳಿಸಿ ಆಳ ನೋಡಿ, ಬೆಂಡು ಕಟ್ಟಿ, ಪಕ್ಕದ ದೋಣಿಯವನಿಗೂ ತಿಳಿಸಿ. ನಿಮ್ಮ ಮನೆಯ ಹೊಸ್ತಿಲಲ್ಲೂ ಒಬ್ಬಳು ತಾಯಿ ಕೂತಿರುತ್ತಾಳೆ.