ಹೂಂಗೊಂದು ಬಾದಾಮಿ

ನನ್ನ ಅಜ್ಜಿ ಜಲಜಾಕ್ಷಿಯ ಕತೆಗಳಿಗೆ ಒಂದು ನಿಯಮವಿತ್ತು. ಕೇಳುವವರು ನಡುನಡುವೆ ‘ಹೂಂ’ ಅನ್ನಬೇಕು. ಹೂಂಗೊಂದರಂತೆ ಉಪ್ಪು ಹಾಕಿ ಹುರಿದ ಗೇರುಬೀಜ ಅಂಗೈಗೆ ಬೀಳುತ್ತಿತ್ತು. ಹೂಂ ನಿಂತರೆ ರಾಜಕುಮಾರಿಯೂ ಕಾಡಿನ ನಡುವೆ ಹಾಗೇ ನಿಂತುಬಿಡುತ್ತಿದ್ದಳು. ಉಡುಪಿಯ ಆ ಜಗಲಿಯಲ್ಲಿ ಎಷ್ಟು ರಾಜಕುಮಾರಿಯರನ್ನು ನಾನು ಗೇರುಬೀಜದ ಆಸೆಗೇ ಊರು ಸೇರಿಸಿದ್ದೇನೋ.

ಈಗ ಅಜ್ಜಿ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ, ಜಯೇಶ್ ಮಾಮನ ಮನೆಗೆ ಬಂದಿದ್ದಳು. ನಾನು ಸಿಡ್ನಿಯ ಟೂಂಗಾಬಿಯಲ್ಲಿ. ಆರು ತಿಂಗಳಿರಲು ಬಂದವಳು ಎರಡನೇ ತಿಂಗಳಿಗೇ ಊರಿಗೆ ಹೊರಡುತ್ತೇನೆ ಎಂದು ಹಟ ಹಿಡಿದಿದ್ದಳು. ಸೋಮವಾರ ಟಿಕೆಟ್ ಬದಲಾಯಿಸುತ್ತೇನೆ ಎಂದು ಮಾಮ ಸೋತ ದನಿಯಲ್ಲಿ ಹೇಳಿದ. ಯಾಕಜ್ಜಿ ಎಂದು ಫೋನಿನಲ್ಲಿ ಕೇಳಿದೆ.

“ಇಲ್ಲಿ ಹೂಂ ಅನ್ನುವವರಿಲ್ಲ ಮಗಾ. ಕತೆ ಬಾಯಲ್ಲೇ ಒಣಗಿತು.”

ಮಾಮನ ಮಗಳು ನಿಹಾರಿಕಾಗೆ ಕನ್ನಡ ಅರ್ಥವಾಗುತ್ತಿತ್ತು. ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ, ಅದೂ ಟಿವಿಯ ಕಡೆ ನೋಡುತ್ತ.

ಶನಿವಾರ ಸಂಜೆಯ ಮೆಲ್ಬರ್ನ್ ವಿಮಾನಕ್ಕೆ ಬುಕ್ ಮಾಡಿದೆ. ಅಜ್ಜಿಯ ಕತೆಗೆ ಹುರಿದು ಒಯ್ಯೋಣವೆಂದರೆ ನಮ್ಮ ಬಡಾವಣೆಯ ಅಂಗಡಿಯ ಗೇರುಬೀಜ ಮುಗ್ಗಲು ವಾಸನೆ ಬರುತ್ತಿತ್ತು. ಬಾದಾಮಿ ಮಾತ್ರ ಹೊಸದು, ಕೊಂಡು ತಂದೆ. ಆದರೆ ಬಾದಾಮಿ ಕಂಡ ಕೂಡಲೇ ನಮ್ಮ ಕೈ ತನ್ನಷ್ಟಕ್ಕೆ ಮಾಡುವ ಕೆಲಸವೊಂದಿದೆಯಲ್ಲ, ಪರೀಕ್ಷೆಯ ದಿನಗಳಲ್ಲಿ ಅಮ್ಮ ಮಾಡುತ್ತಿದ್ದುದು? ಶುಕ್ರವಾರ ರಾತ್ರಿ ಏನೋ ಕನಸು ಕಾಣುತ್ತ ಅಷ್ಟನ್ನೂ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ಅಷ್ಟೇ ಶ್ರದ್ಧೆಯಿಂದ ಸಿಪ್ಪೆಯನ್ನೂ ಸುಲಿದೆ. ಕೊನೆಯದನ್ನು ಸುಲಿಯುವಾಗ ನೆನಪಾಯಿತು, ಇವು ಹುರಿಯಲು ತಂದವು. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ನೀಲಾಂಬಿಕಾ ನಕ್ಕು ನಕ್ಕು ಕೆಳಗೆ ಕೂತಳು. ನಿನಗೆ ಜ್ಞಾಪಕಶಕ್ತಿ ಬರಲೆಂದು ಇದನ್ನೇ ತಿನ್ನಿಸುತ್ತಿದ್ದರಾ ಎಂದು ಕೇಳಿದಳು.

ಒದ್ದೆ ಬಾದಾಮಿಯನ್ನು ಬಟ್ಟೆಯ ಮೇಲೆ ಹರಡಿ, ಆಮೇಲೆ ಓವನ್ನಿನ ಸಣ್ಣ ಬಿಸಿಯಲ್ಲಿ ಮಧ್ಯಾಹ್ನದವರೆಗೆ ಒಣಗಿಸಿದೆ. ದಪ್ಪ ಬಾಣಲೆಯಲ್ಲಿ ಕೆಂಬಣ್ಣ ಬರುವ ತನಕ ಹುರಿದು, ಅಜ್ಜಿ ಮಾಡುತ್ತಿದ್ದ ಹಾಗೆ ಗಟ್ಟಿ ಉಪ್ಪುನೀರು ಚಿಮುಕಿಸಿದೆ. ಚುಂಯ್ ಎಂದು ನೀರು ಹಾರಿ ಉಪ್ಪು ಬೆಳ್ಳಗೆ ಕೂತಿತು. ಬಾಯಿಗೆ ಹಾಕಿಕೊಂಡರೆ ಮೆತ್ತಗೆ. ಬಿಸಿಯಲ್ಲಿ ಬೀಜ ಮೂಗ, ಆರಿದ ಮೇಲೇ ಮಾತಾಡುವುದು ಎಂದು ಅಜ್ಜಿ ಹೇಳುತ್ತಿದ್ದುದು ಆಮೇಲೆ ನೆನಪಾಯಿತು. ಕಾದೆ. ಆರಿತು. ಕಟುಂ ಎಂದಿತು.

ಕ್ರಾನ್‌ಬರ್ನ್‌ನಲ್ಲಿ ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು.

“ಇದೆಂತ ಮಗಾ, ಪಾಪ, ಎಲ್ಲದರ ಅಂಗಿ ಬಿಚ್ಚಿದ್ದೀ?”

ಸೋಫಾದಲ್ಲಿದ್ದ ನಿಹಾರಿಕಾ ಕಿಸಕ್ಕೆಂದಳು. ಅಜ್ಜಿ ಆ ಕಡೆ ತಿರುಗಲೇ ಇಲ್ಲ. ಡಬ್ಬಿಗೇ ಹೇಳುವವಳಂತೆ, “ಒಂದೂರಲ್ಲಿ ಒಬ್ಬ ಬಾದಾಮಿ ರಾಜ ಇದ್ದ. ಒಂದು ದಿನ ಬೆಳಿಗ್ಗೆ ಎದ್ದು ನೋಡ್ತಾನೆ, ಮೈಮೇಲೆ ಅಂಗಿಯೇ ಇಲ್ಲ,” ಎಂದು ನಿಲ್ಲಿಸಿದಳು.

ನಿಹಾರಿಕಾ ಇಂಗ್ಲಿಷಿನಲ್ಲಿ ಮುಂದೇನಾಯಿತೆಂದು ಕೇಳಿದಳು. ಅಜ್ಜಿ ಮುಚ್ಚಳ ಹಾಕಿದಳು. ನಾನು ಹುಡುಗಿಯ ಕಿವಿಯಲ್ಲಿ ನಿಯಮ ಹೇಳಿದೆ.

“ಹೂಂ,” ಎಂದಳು ನಿಹಾರಿಕಾ.

ಅಂಗೈಗೆ ಒಂದು ಬಾದಾಮಿ ಬಿತ್ತು. ಕಟುಂ. ಅವಳೇ ಎದ್ದು ಟಿವಿ ಆರಿಸಿ ಬಂದಳು. ಹೂಂ, ಹೂಂ, ಹೂಂ.

“ತಾಳು ಮಾರಾಯ್ತಿ, ರಾಜ ಇನ್ನೂ ಹೊಸಿಲು ದಾಟಲಿಲ್ಲ,” ಎಂದಳು ಅಜ್ಜಿ.

ಭಾನುವಾರ ಮಧ್ಯಾಹ್ನಕ್ಕೆ ಡಬ್ಬಿ ಬರಿದಾಯಿತು. ರಾಜ ಬರಿಮೈಯಲ್ಲೇ ಏಳನೇ ಕಡಲಿನ ದಡದಲ್ಲಿದ್ದ.

“ಮುಂದಿನ ತಿಂಗಳು ಬರುವಾಗ ಸಿಪ್ಪೆ ಸಮೇತ ಹುರಿದು ತಾ ಮಗಾ. ಅವನಿಗೂ ಅಂಗಿ ಸಿಗಲಿ.”

ನಾನೂ ಮಾಮನೂ ಮುಖ ಮುಖ ನೋಡಿಕೊಂಡೆವು. ಹಾಗಾದರೆ ನಾಳೆ ಟಿಕೆಟ್ ಬದಲಾಯಿಸುವುದು ಎಂದು ಮಾಮ ಮೆಲ್ಲಗೆ ರಾಗ ಎಳೆದ.

ಅಜ್ಜಿ ಬೆರಳಿಗಂಟಿದ ಉಪ್ಪನ್ನು ನೆಕ್ಕಿದಳು.

“ಯಾವ ಟಿಕೆಟ್?”