ಎಚ್ಚರಿಕೆಯ ಕೆಳಗೆ ಒಂದು ಹೆಸರು

ಸತ್ತವನ ಹೆಸರನ್ನು ತೆರೆಯ ಮೇಲೆ ಹಾಕಲು ಮನೆಯವರ ಒಪ್ಪಿಗೆ ಬೇಕು ಎಂದು ಕಂಪನಿ ಹೇಳಿತ್ತು. ಅದಕ್ಕೇ ಚೈತ್ರ ಕೊಪ್ಪದಿಂದ ಸ್ಕೂಟಿಯಲ್ಲಿ ಕೆರೆಕಟ್ಟೆಗೆ ಬಂದಳು. ಅವಳದು ಸಬ್‌ಟೈಟಲ್ ಬರೆಯುವ ಕೆಲಸ. ಮುಂಬೈಯಿಂದ ಇಂಗ್ಲಿಷ್ ಸಾಲು ಬರುತ್ತದೆ, ಇವಳು ಕನ್ನಡ ಮಾಡಿ ಕಳಿಸುತ್ತಾಳೆ. ಅದೇ ಕಡೆಯವಳಲ್ಲವೇ, ನೀನೇ ಹೋಗಿ ಕೇಳಿ ಬಾ ಎಂದಿದ್ದರು.

ಕೇಳಬೇಕಾದದ್ದು ಪ್ರಕಾಶನ ಬಗ್ಗೆ. ಹಿಂದೊಂದು ಬೇಸಿಗೆಯಲ್ಲಿ ಇಲ್ಲಿಯ ಮುಳುಗುಸೇತುವೆಯ ಮೇಲೆ ಒಂದು ವೆಬ್ ಸೀರೀಸಿನ ಶೂಟಿಂಗ್ ಆಗಿತ್ತು. ತುಂಬಿ ಹರಿಯುವ ನೀರಿನಲ್ಲಿ ನಾಯಕ ಜೀಪು ದಾಟಿಸುವ ದೃಶ್ಯ. ನಾಯಕನ ಅಂಗಿ ತೊಟ್ಟು ನಿಜವಾಗಿ ದಾಟಿಸಿದವನು ಊರಿನ ಜೀಪು ಡ್ರೈವರ್ ಪ್ರಕಾಶ. ಕಳೆದ ಮಳೆಗಾಲ ಅದೇ ಸೇತುವೆಯಲ್ಲಿ, ತೋಟದ ಕೆಲಸದವರನ್ನು ಕರೆತರುವಾಗ, ಅವನ ಜೀಪು ಕೊಚ್ಚಿಹೋಯಿತು. ಹಿಂದೆ ಕೂತಿದ್ದವರು ಹಾರಿ ದಡದ ವಾಟೆಬಿದಿರಿನ ಹಿಂಡಲು ಹಿಡಿದು ಉಳಿದರು. ಅವನು ಉಳಿಯಲಿಲ್ಲ. ಪೇಪರಿನಲ್ಲಿ ಬಂತು. ಆಮೇಲೆ ಕಂಪನಿಗೆ ಆ ಸಂಚಿಕೆಯ ಮೊದಲು ಒಂದು ಎಚ್ಚರಿಕೆ ಹಾಕಬೇಕು ಅನ್ನಿಸಿತು.

ಅಂಗಳದಲ್ಲಿ ಬಿಸಿಲು ಕಾಯುತ್ತ ಕೂತಿದ್ದ ಅವನ ತಾಯಿ ಯಲ್ಲಕ್ಕ ವಿಷಯ ಕೇಳಿ ಅರಳಿದರು.

"ಶ್ರದ್ಧಾಂಜಲಿ ಹಾಕ್ತಾರಾ ಮಗಾ? ಫೋಟೋನೂ ಹಾಕ್ತಾರಾ?"

"ಶ್ರದ್ಧಾಂಜಲಿ ಅಲ್ಲ ಯಲ್ಲಕ್ಕ. ಎಚ್ಚರಿಕೆ. ಅದರ ಕೆಳಗೆ ಅವರ ಹೆಸರು."

"ಒಂದೇ ಅಲ್ವಾ ಮಾರಾಯ್ತಿ. ಬಸ್‌ಸ್ಟಾಪಲ್ಲಿ ಹುಡುಗ್ರು ಫ್ಲೆಕ್ಸ್ ಕಟ್ಟಿದ್ರು. ಒಂದೇ ಗಾಳಿಗೆ ಹರ್ದು ಮೂಗಿಂದ ಕೆಳಗೆ ಹೋಯ್ತು. ಟೀವಿದ್ದು ಹರಿಯಲ್ಲ ಅಲ್ಲ?"

ಪ್ರಕಾಶನ ಹೆಂಡತಿ ಮಲ್ಲಿಕಾ ಬಾಗಿಲಲ್ಲಿ ನಿಂತಿದ್ದಳು. "ಎಂತ ಬರ್ದಿದಾರೆ, ಓದಿ" ಎಂದಳು.

ಚೈತ್ರ ಫೋನ್ ನೋಡಿಕೊಂಡು ತನ್ನ ಕನ್ನಡವನ್ನು ಓದಿದಳು. "ಈ ದೃಶ್ಯವನ್ನು ತರಬೇತಿ ಪಡೆದ ಪರಿಣತರು ಸುರಕ್ಷತಾ ಕ್ರಮಗಳೊಂದಿಗೆ ನಡೆಸಿದ್ದಾರೆ. ಯಾರೂ ಇದನ್ನು ಅನುಕರಿಸಬೇಡಿ. ಕೆರೆಕಟ್ಟೆಯ ಪ್ರಕಾಶ್ ಅವರ ನೆನಪಿಗೆ."

"ಚೆನಾಗದೆ" ಎಂದರು ಯಲ್ಲಕ್ಕ.

"ಪರಿಣತರು ಅಂದ್ರೆ ಯಾರು?" ಮಲ್ಲಿಕಾ ಕೇಳಿದಳು.

ಚೈತ್ರಳಿಗೆ ಉತ್ತರ ಗೊತ್ತಿತ್ತು. ಬರೆಯುವಾಗ ಹೊಳೆದಿರಲಿಲ್ಲ, ಅಷ್ಟೇ.

"ಆ ಜೀಪು ಓಡ್ಸಿದ್ದು ಇವ್ರು. ಈಗ ಇದನ್ನ ಓದಿದವ್ರು ಎಂತ ತಿಳ್ಕಳ್ಬೇಕು? ಯಾರೋ ಪರಿಣತರು ದಾಟ್ಸಿದ್ರು, ಅದನ್ನ ನೋಡಿ ಕೆರೆಕಟ್ಟೆಯ ಒಬ್ಬ ಪೆದ್ದ ಹೋಗಿ ಸತ್ತ ಅಂತ ಅಲ್ವಾ?"

"ಸತ್ತೋನ್ನ ಪೆದ್ದ ಅನ್ಬೇಡ" ಎಂದರು ಯಲ್ಲಕ್ಕ.

"ನಾನು ಅನ್ಲಿಲ್ಲ ಅತ್ತೆ. ಅದು ಅಂತಾ ಇದೆ."

ಚೈತ್ರ ಸಿಗ್ನಲ್ ಸಿಗುವ ರಸ್ತೆಯ ತಿರುವಿಗೆ ಹೋಗಿ ಮುಂಬೈಗೆ ಫೋನ್ ಮಾಡಿದಳು. ಅತ್ತಲಿನವನು ತಾಳ್ಮೆಯಿಂದಲೇ ಕೇಳಿಸಿಕೊಂಡ. ಪರಿಣತರ ಸಾಲು ವಕೀಲರದು, ಅದು ಕದಲುವುದಿಲ್ಲ. ಊರಿನ ಡ್ರೈವರನ ಕೈಗೆ ಜೀಪು ಕೊಟ್ಟಿದ್ದು ಯಾವ ಕಾಗದದಲ್ಲೂ ಇಲ್ಲ. ಹೆಸರು ಮಾತ್ರ ಮನೆಯವರ ಇಷ್ಟ. ಸಂಜೆಯೊಳಗೆ ಎಲ್ಲ ಭಾಷೆಯ ಸಾಲೂ ಬೇಕು.

ಅವಳು ಹಿಂತಿರುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಹಾಗಾರೆ ಹೆಸರು ಬೇಡ" ಎಂದಳು ಮಲ್ಲಿಕಾ.

"ಬೇಡ ಅನ್ನಕ್ಕೆ ನೀನ್ಯಾರೇ? ಹೆತ್ತೋಳು ನಾನು." ಯಲ್ಲಕ್ಕನ ದನಿ ಏರಿತು. "ಊರೆಲ್ಲ ಅವನ್ನ ಹೀರೋ ಅಂತಿತ್ತು. ಟೀವಿಲಿ ಒಂದು ಕಡೆನಾದ್ರೂ ಹೆಸರು ಬರ್ಲಿ."

ಮಲ್ಲಿಕಾ ಬಾಗಿಲು ಬಿಟ್ಟು ಬಂದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

"ಹೌದು ಅತ್ತೆ, ಹೀರೋ ಅಂತಿತ್ತು. ಶೂಟಿಂಗ್ ದಿನ ಮೇಲೆ ಕಟ್ಟು ಕಟ್ಟಿ ನೀರು ಬಿಟ್ಟಿದ್ರು, ಮೊಣಕಾಲಷ್ಟು. ನೀರೆಷ್ಟು ಅಂತ ಇವ್ರಿಗೆ ಗೊತ್ತಿತ್ತು. ಜೀಪು ಕೊಚ್ಚಿಹೋದ ದಿನ ಮಳೇಲಿ ಸೇತುವೆ ಹತ್ರ ನಿಲ್ಸಿದ್ರು. ಬೇಡ, ನೀರಿಳೀಲಿ ಅಂದ್ರು. ಹಿಂದೆ ಕೂತೋರು ಬಿಡ್ಬೇಕಲ್ಲ? ಏನೋ ಹೀರೋ, ಕ್ಯಾಮೆರಾ ಇಲ್ದಿದ್ರೆ ದಾಟ್ಸಲ್ವಾ ಅಂತ ನಗಾಡಿದ್ರು."

"ಯಾರೇ ಅಂದಿದ್ದು?"

"ನಾನೂ ಹಿಂದೆನೇ ಕೂತಿದ್ನಲ್ಲ ಅತ್ತೆ. ನಾನೂ ಅಂದೆ."

ಯಲ್ಲಕ್ಕ ಸೊಸೆಯ ಮುಖವನ್ನೇ ನೋಡಿದರು. ಚೈತ್ರ ಎದ್ದು ಹೋಗಬೇಕೋ ಬೇಡವೋ ತಿಳಿಯದೆ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿ ಮತ್ತೆ ಸಡಿಲಿಸಿದಳು.

ಮಲ್ಲಿಕಾ ಅವಳ ಕಡೆ ತಿರುಗಿದಳು. "ಕನ್ನಡದ್ದು ಬರೆಯೋದು ನೀವೇ ಅಲ್ವಾ? ಅಲ್ಲಿ ಯಾರಾದ್ರೂ ಓದ್ತಾರಾ?"

"ಇಲ್ಲ. ಒಂದ್ಸಲ ಅಮ್ಮನ ಮೆಸೇಜ್ ತಪ್ಪಿ ಅಂಟಿಸಿಬಿಟ್ಟಿದ್ದೆ. ಕೊಲೆ ಮಾಡುವ ಸೀನಲ್ಲಿ 'ಬರುವಾಗ ಕೊತ್ತಂಬರಿ ಸೊಪ್ಪು ತಾ' ಅಂತ ಬರ್ತಿತ್ತು. ವಾರಗಟ್ಟಲೆ ಹಾಗೇ ಇತ್ತು."

ಯಾರೂ ನಗಲಿಲ್ಲ. ಆದರೆ ಮಲ್ಲಿಕಾ ತಲೆಯಾಡಿಸಿದಳು. "ಹಾಗಾರೆ ಬರ್ಕಳಿ" ಎಂದಳು.

ಅವಳು ತಡೆತಡೆದು ಹೇಳಿದಳು. ಚೈತ್ರ ಒಂದು ಪದವನ್ನೂ ತಿದ್ದದೆ ಟೈಪ್ ಮಾಡಿದಳು. ಸಿಕ್ಕಿಬಿದ್ದರೆ ಈ ಕೆಲಸ ಹೋಗುತ್ತದೆ ಎಂಬ ಯೋಚನೆ ಬಂತು. ಬೆರಳು ನಿಲ್ಲಲಿಲ್ಲ. ಮುಗಿದ ಮೇಲೆ, ಯಲ್ಲಕ್ಕನಿಗೂ ಕೇಳಲೆಂದು ಗಟ್ಟಿಯಾಗಿ ಓದಿದಳು.

"ಸೇತುವೆ ಮೇಲೆ ನೀರಿರುವಾಗ ದಾಟಬೇಡಿ. ಡ್ರೈವರ್ ಬೇಡ ಅಂದಾಗ, ಹಿಂದೆ ಕೂತವರು ಅವನನ್ನು ಹಂಗಿಸಬೇಡಿ."

ಯಲ್ಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಹೆಸರೇ ಇಲ್ವಲ್ಲೇ" ಎಂದರು. ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ. "ಮತ್ತೆ ಇದು ಯಾರಿಗೆ?"

"ನಂಗೆ, ಅತ್ತೆ" ಎಂದಳು ಮಲ್ಲಿಕಾ.

ಮುದುಕಿ ಕೂತಲ್ಲೇ ಸ್ವಲ್ಪ ಸರಿದು, ಬಿಸಿಲು ಬೀಳುವ ಕಡೆ ಸೊಸೆಗೆ ಜಾಗ ಮಾಡಿಕೊಟ್ಟರು.