ಮಣಿಯೊಳಗಿನ ನೊಣ

ಹೊಸ ನೊಣ ಸಿಗಲೆಂದು ವರ್ಷಗಟ್ಟಲೆ ಹಂಬಲಿಸಿದ ಕಾರ್ಮೆಲ್, ಸಿಕ್ಕಿದ ಮೇಲೆ ಇದು ಮಾಮೂಲಿ ನೊಣವಾಗಿರಬಾರದಿತ್ತೇ ಎಂದು ಕೊರಗುತ್ತಿದ್ದಳು.

ಕೊಲ್ಲಿ ನಾಡಿನ ಎಗೈಲಾದ ಕ್ಲಿನಿಕ್ಕೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವುದು ಅವಳ ಕೆಲಸ. ಅಂಬರಿನೊಳಗೆ, ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಮರದಿಂದ ಸೋರಿ ಕಲ್ಲಾದ ಅಂಟಿನೊಳಗೆ, ಸಿಕ್ಕಿಬಿದ್ದ ನೊಣಗಳನ್ನು ಗುರುತಿಸುವುದು ಅವಳ ಹುಚ್ಚು. ಕ್ಲಿನಿಕ್ಕಿನ ಮಾಲೀಕ, ಅವಳ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಅಬು ನಾಸರ್‌ಗೆ ಈ ಹುಚ್ಚು ಗೊತ್ತಿತ್ತು. ತೀರಿಹೋದ ತಂದೆಯ ಅಂಬರ್ ಜಪಮಾಲೆಯ ದಾರ ಹರಿದಾಗ, ನೊಣವಿದ್ದ ಮಣಿಯನ್ನು ಅವಳ ಕೈಗಿಟ್ಟು, ನೋಡಿ ವಾಪಸ್ ಕೊಡು ಎಂದಿದ್ದ.

ಮೈಕ್ರೋಸ್ಕೋಪಿನಡಿ ಅದರ ರೆಕ್ಕೆಯ ನರಗಳು ಗೊತ್ತಿರುವ ಯಾವ ನೊಣದ ಚಿತ್ರಕ್ಕೂ ಹೊಂದಲಿಲ್ಲ. ಫೋಟೋ ನೋಡಿ ಜರ್ಮನಿಯ ತಜ್ಞರು ಕುಣಿದಾಡಿಬಿಟ್ಟರು: ಅಳಿದುಹೋದ ಹೊಸ ಪ್ರಭೇದ! ಹೆಸರಿಡಬೇಕಾದರೆ ಮಾತ್ರ ಮಣಿ ಶಾಶ್ವತವಾಗಿ ಮ್ಯೂಸಿಯಂ ಸೇರಬೇಕು. ಅಪ್ಪನ ಮಣಿ ಬಿಟ್ಟುಕೊಡಿ ಎಂದು ಕಫೀಲನನ್ನು ಕೇಳುವುದೇ?

“ನೊಣ ಸತ್ತು ಕೋಟಿ ವರ್ಷ ಆಯ್ತು ಮಾರಾಯ್ತಿ,” ಎಂದ ಗಂಡ ಹೆನ್ರಿ. “ನಮ್ಮ ಇಕಾಮಾ ಈ ತಿಂಗಳು ರಿನ್ಯೂ ಆಗ್ಲಿಕ್ಕುಂಟು, ಕಫೀಲ್ ಸಹಿ ಹಾಕದಿದ್ರೆ ಇಲ್ಲಿ ಇರ್ಲಿಕ್ಕಾಗುದಿಲ್ಲ. ಸುಮ್ಮನೆ ವಾಪಸ್ ಕೊಡು.”

ಮರುದಿನ ಅಬು ನಾಸರ್‌ನ ಕೋಣೆಯಲ್ಲಿ ಮಾಲೆ ಪೋಣಿಸುವ ಮುದುಕ ಕೂತಿದ್ದ. ನೊಣ ಹೇಗಿದೆ ಎಂದು ಮಾಲೀಕ ಆಸೆಯಿಂದ ಕೇಳಿದ. ಮಾಮೂಲಿ ನೊಣ ಎಂದು ಕಾರ್ಮೆಲ್ ಮಣಿಯನ್ನು ವಾಪಸ್ ಕೊಟ್ಟಳು. ಅವನ ಮುಖ ಸ್ವಲ್ಪ ಬಾಡಿತು. ಬದುಕಿದೆ ಬಡಜೀವ ಎಂದುಕೊಂಡಳು.

ಹಾಗಾದರೆ ತೂತು ದೊಡ್ಡದು ಮಾಡಿ ಈ ಸಲ ದಪ್ಪ ದಾರ ಹಾಕು ಎಂದು ಅವನು ಮುದುಕನಿಗೆ ಹೇಳಿದ. ನೊಣಕ್ಕೆ ಏನಾದರೂ ಆದೀತೆಂದು ಇಷ್ಟು ದಿನ ತಡೆದಿದ್ದನಂತೆ.

ರೆಕ್ಕೆ ಆ ತೂತಿನ ಅಂಚಿನವರೆಗೂ ಚಾಚಿತ್ತು. ಮುದುಕ ಡ್ರಿಲ್ ಚಾಲು ಮಾಡಿದ. ಹಲ್ಲಿನ ಡಾಕ್ಟರ ಕೋಣೆಯಿಂದ ಬರುವಂಥದೇ ಸದ್ದು. ಹೆನ್ರಿಯ ಮುಖ, ಮಗಳು ಟೀನಾಳ ಶಾಲೆ, ಊರಿಗೆ ಹೊರಟ ಪೆಟ್ಟಿಗೆಗಳು ಎಲ್ಲ ಕಣ್ಣಮುಂದೆ ಬಂದವು. ಡ್ರಿಲ್ ತಾಗಿತು. ಹಳದಿ ಪುಡಿ ಹಾರಿ, ಕೋಣೆಯಲ್ಲಿ ಮರದ ವಾಸನೆ ಹರಡಿತು.

“ನಿಲ್ಲಿಸಿ,” ಎಂದಳು. “ನಾನು ಸುಳ್ಳು ಹೇಳಿದೆ. ಅಂಥ ನೊಣ ಲೋಕದಲ್ಲಿ ಅದೊಂದೇ. ಅದನ್ನು ಮ್ಯೂಸಿಯಮ್ಮಿಗೆ ಕೊಡಬೇಕು.”

ಡ್ರಿಲ್ ನಿಂತಿತು. ಅಬು ನಾಸರ್ ಮಣಿಯನ್ನು ಬೆಳಕಿಗೆ ಹಿಡಿದು ನೋಡಿದ. ರೆಕ್ಕೆ ಕೂದಲೆಳೆಯ ಅಂತರದಲ್ಲಿ ಉಳಿದಿತ್ತು. ಆಮೇಲೆ ಅವಳ ಕಡೆ ತಿರುಗಿದ.

“ನನ್ನನ್ನು ಕಂಡರೆ ನಿನಗೆ ಅಷ್ಟೊಂದು ಭಯವೇ?”

ಹೌದು ಎನ್ನುವುದಕ್ಕೂ ಕಾರ್ಮೆಲ್‌ಗೆ ಭಯವಾಯಿತು.